ಹದಿನಾಲ್ಕನೆಯ ಕಲಮು

ಗಡ್ಡ ಹೆರೆದುಕೊಳ್ಳುತ್ತಿದ್ದ ವಕೀಲ ಎಡಗೆನ್ನೆಗೆ ಎರಡನೇ ಸಲ ಸೋಪು ಹಚ್ಚಿದಾಗ, ಟವೆಲು ಕೊಡಲು ಬಂದ ಹೆಂಡತಿ "ಆ ಕೆನ್ನೆ ಆಯ್ತಲ್ರೀ" ಅಂದಳು. ಕನ್ನಡಿಯಲ್ಲಿ ನೋಡಿಕೊಂಡ. ಆಗಿತ್ತು. ಆದರೂ ಹಚ್ಚಿದ ಸೋಪನ್ನು ಸುಮ್ಮನೆ ತೊಳೆದರೆ ಅವಳ ಮಾತು ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿ, "ಇಲ್ಲಿ ಸ್ವಲ್ಪ ಉಳಿದಿತ್ತು" ಎಂದು ನುಣ್ಣಗಿದ್ದ ಕೆನ್ನೆಯನ್ನೇ ಮತ್ತೆ ಹೆರೆದು ಕಿವಿಯ ಕೆಳಗೆ ಸಣ್ಣಗೆ ಕುಯ್ದುಕೊಂಡ. ಹೆಂಡತಿ ಹತ್ತಿ ತಂದುಕೊಟ್ಟಳು. ಮೂವತ್ತು ವರ್ಷ ಸಂಸಾರ ಮಾಡಿದವಳ ಮುಂದೆ ಒಂದು ಕೆನ್ನೆಯ ವಿಷಯದಲ್ಲೂ ತಪ್ಪಾಯಿತು ಅನ್ನಲು ಬಾಯಿ ಬರುವುದಿಲ್ಲ, ಇನ್ನು ಹನ್ನೊಂದು ಗಂಟೆಗೆ ಹೇಗೆ ಬಂದೀತು ಎಂದು ಯೋಚಿಸಿದ. ಹನ್ನೊಂದಕ್ಕೆ ಸೋಫಾ ಅಂಗಡಿಯವರು ಬರುವವರಿದ್ದರು. ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಸ್ಪಂಜು ತುಂಬಿ ಹೊಸ ಬಟ್ಟೆ ಹೊದಿಸಿಕೊಡುವ ಆ ಅಂಗಡಿ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದ. ಇವತ್ತು ಬರುವವರು ಅಣ್ಣನ ಹೆಂಡತಿ ಮತ್ತು ತಮ್ಮ. ಹನ್ನೆರಡು ವರ್ಷದ ಹಿಂದೆ ಅಣ್ಣತಮ್ಮಂದಿರಿಗೆ ಪಾಲುದಾರಿಕೆ ಪತ್ರ ಬರೆದುಕೊಟ್ಟವನು ಇವನೇ, ಅದರಲ್ಲೊಂದು ತಪ್ಪು ಮಾಡಿದವನೂ ಇವನೇ. ಆ ತಪ್ಪು ಇವನಿಗೂ ಇವನ ಟೈಪಿಸ್ಟಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದಿದ್ದರೆ ಎಷ್ಟೋ ಸುಲಭವಾಗಿರುತ್ತಿತ್ತು.

ಆಫೀಸಿಗೆ ಹೋಗುವ ದಾರಿ ಹದಿನೈದು ನಿಮಿಷದ್ದು. ಔಷಧಿ ಅಂಗಡಿಯ ಶಟರು ಅರ್ಧ ಎದ್ದಿತ್ತು. ಒಳಗಿನವನ ಕಾಲು ಮಾತ್ರ ಕಾಣುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದ ಯಾರೋ ನಮಸ್ಕಾರ ಸಾರ್ ಅಂದರು, ಯಾರೆಂದು ನೆನಪಾಗದೆ ಇವನೂ ದೊಡ್ಡದಾಗಿ ನಗುತ್ತ ಕೈಯೆತ್ತಿದ. ಈ ಊರಿನಲ್ಲಿ ಇವನಿಂದ ಪತ್ರ ಬರೆಸಿಕೊಳ್ಳದ ಮನೆ ಕಡಿಮೆ. ಮದುವೆ ಮುರಿದಾಗ, ಮನೆ ಪಾಲಾದಾಗ, ಅಂಗಡಿ ಶುರುವಾದಾಗ, ಅಪ್ಪ ಹಾಸಿಗೆ ಹಿಡಿದಾಗ ಜನ ಇವನ ಬಳಿ ಬರುತ್ತಿದ್ದರು. ಮನೆಯಲ್ಲಿ ಒಬ್ಬರಿಗೊಬ್ಬರು ಹೇಳಲಾಗದ ಮಾತನ್ನು ಇವನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಇವನು ಅದನ್ನು ಒಂದು, ಎರಡು, ಮೂರು ಎಂದು ಕಲಮುಗಳಾಗಿ ಜೋಡಿಸುತ್ತಿದ್ದ. ಜೋಡಿಸಿದ ಮೇಲೆ ಅದು ಜಗಳದ ಹಾಗೆ ಕಾಣುತ್ತಿರಲಿಲ್ಲ, ಅದೇ ಇವನ ಕೆಲಸದ ಗುಟ್ಟು. ಮೂರು ವಾರದ ಹಿಂದೆ ಅದೇ ಮೇಜಿನ ಮುಂದೆ ಸೋಫಾ ಅಂಗಡಿಯ ತಮ್ಮ ಕೂತು, ಪಾಲುದಾರಿಕೆ ಪತ್ರದ ಕೊನೆಯ ಹಾಳೆ ತೆಗೆದು, ಮೊಳೆ ಹೊಡೆದು ಹೊಡೆದು ಚಪ್ಪಟೆಯಾದ ಹೆಬ್ಬೆರಳನ್ನು ಹದಿನಾಲ್ಕನೆಯ ಕಲಮಿನ ಕೆಳಗಿಟ್ಟಿದ್ದ. ಐವತ್ತು ದಾಟಿದ, ಅಣ್ಣ ಇರುವಾಗ ಅಂಗಡಿಯಲ್ಲಿ ಎಂದೂ ಕುರ್ಚಿಯ ಮೇಲೆ ಕೂರದಿದ್ದ ಮನುಷ್ಯ. "ಅಣ್ಣ ಹೀಗೆ ಬರೆಸಿದಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಸಾರ್. ಅವನು ತೀರ್ಕೊಂಡ ವಾರದಲ್ಲೇ ಬೀರು ತೆಗೆದಾಗ ಸಿಕ್ತು. ಓದಿ ಅತ್ತಿಗೆಗೆ ಹೇಳ್ದೆ. ಅವತ್ತಿಂದ ಅವರು ಅಂಗಡಿ ಕಡೆ ತಲೆ ಹಾಕಿಲ್ಲ." ಆಮೇಲೆ, "ಬಟ್ಟೆ ಕತ್ತರಿಸೋರು ಅವರೇ ಸಾರ್. ನಾನು ಬರೀ ಮೊಳೆ ಹೊಡಿಯೋನು. ಅಣ್ಣನ ಮಾತೂ ಉಳೀಬೇಕು, ಅತ್ತಿಗೆನೂ ಬರ್ಬೇಕು, ಹಂಗೇನಾದ್ರೂ ಮಾಡಿಕೊಡಿ" ಅಂದಿದ್ದ.

ವಕೀಲ ಓದಿದ್ದ: ಪಾಲುದಾರರ ಪೈಕಿ ಯಾರೊಬ್ಬರು ಮೃತರಾದಲ್ಲಿ, ಮೃತರ ಪತ್ನಿಯು ವ್ಯಾಪಾರದ ಯಾವುದೇ ಕೆಲಸಕಾರ್ಯದಲ್ಲಿ ಕೈಹಾಕತಕ್ಕದ್ದಲ್ಲ, ಮತ್ತು ಯಾವ ಕಾರಣಕ್ಕೂ ಅಂಗಡಿಯ ಮೆಟ್ಟಿಲು ಹತ್ತತಕ್ಕದ್ದಲ್ಲ. ಓದುತ್ತಿದ್ದ ಹಾಗೆಯೇ ಅದು ಯಾರ ಬಾಯಿಂದ ಬಂದದ್ದೆಂದು ಅವನಿಗೆ ಗೊತ್ತಾಗಿಹೋಗಿತ್ತು. ತಮ್ಮನ ಜೊತೆ ಸೇರಿ ಬಣ್ಣದ ಡಬ್ಬಿ ಮಾರುವ ಒಬ್ಬ ದಪ್ಪ ಮನುಷ್ಯನದು. ಅವನಿಗೂ ಅವನ ಹೆಂಡತಿಗೂ ಆಗುತ್ತಿರಲಿಲ್ಲ. ಸತ್ತ ಮೇಲೂ ಅವಳು ತನ್ನ ಅಂಗಡಿಗೆ ಬಂದು ಅಧಿಕಾರ ಚಲಾಯಿಸಬಾರದೆಂದು ಇದೇ ಮೇಜು ಕುಟ್ಟಿ ಹೇಳಿದ್ದ. "ಇಷ್ಟು ಒರಟಾಗಿ ಬೇಡ" ಎಂದು ಇವನು ಅಂದಾಗ "ನಾನು ಹೇಳ್ದಂಗೇ ಬರೀರಿ" ಎಂದು ಕೂಗಿದ್ದ. ಬರೆದದ್ದಾಯಿತು. ಅದಾದ ಹದಿನೈದು ದಿನಕ್ಕೆ ಸೋಫಾ ಅಣ್ಣತಮ್ಮಂದಿರು ಬಂದರು. ಈ ವೃತ್ತಿಯಲ್ಲಿ ಹೊಸದಾಗಿ ಯಾರೂ ಏನನ್ನೂ ಬರೆಯುವುದಿಲ್ಲ. ಇಬ್ಬರು ಅಣ್ಣತಮ್ಮಂದಿರು, ಒಂದು ಅಂಗಡಿ ಎಂದರೆ, ಹಿಂದೆ ಬಂದ ಇಬ್ಬರು ಅಣ್ಣತಮ್ಮಂದಿರ, ಒಂದು ಅಂಗಡಿಯ ಪತ್ರ ತೆಗೆದು ಹೆಸರು ಬದಲಾಯಿಸುವುದು. "ಆ ಪೇಂಟಿನವರದ್ದು ತೆಗೀರಿ, ಹೆಸರು ತಿದ್ದಿ ಹಾಕಿ" ಎಂದು ಟೈಪಿಸ್ಟಿಗೆ ಹೇಳಿದ್ದ. ಹೇಳಿ ಮರೆತಿದ್ದ. ಮೂರು ವಾರದ ಹಿಂದಿನ ಆ ಮಧ್ಯಾಹ್ನ, ಹೆಬ್ಬೆರಳಿನ ಪಕ್ಕದ ಆ ಸಾಲು ನೋಡಿದಾಗ ಕನ್ನಡಕ ತೆಗೆದು ಒರೆಸುತ್ತ, "ದಾರಿ ಇದೆ. ಇಬ್ಬರೂ ಒಪ್ಪಿದ್ರೆ ಹೊಸ ಪತ್ರ ಮಾಡಬಹುದು. ಅಣ್ಣನ ಜಾಗಕ್ಕೆ ಅತ್ತಿಗೆಯನ್ನ ಪಾಲುದಾರರಾಗಿ ಸೇರಿಸೋಣ, ಈ ಕಲಮು ಬಿಟ್ಟುಬಿಡೋಣ" ಎಂದು ಗಂಭೀರವಾಗಿ ಹೇಳಿದ್ದ. ತಮ್ಮ ಎದ್ದು ನಿಂತು ಎರಡು ಕೈಯಲ್ಲೂ ನಮಸ್ಕಾರ ಮಾಡಿ, "ನಿಮ್ಮಂಥೋರು ಇರೋದಕ್ಕೇ ನಮ್ಮಂಥೋರ ಮನೆ ನಿಂತಿರೋದು" ಅಂದಿದ್ದ. ಆ ನಮಸ್ಕಾರವನ್ನು ವಕೀಲ ತೆಗೆದುಕೊಂಡಿದ್ದ. ಕಲಮಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಟೈಪಿಸ್ಟ್ ಆಗಲೇ ಬಂದು ಕಿಟಕಿ ತೆಗೆದಿದ್ದರು. ಇಪ್ಪತ್ತಾರು ವರ್ಷದಿಂದ ಇಲ್ಲಿರುವ ಹೆಂಗಸು. ಮೊದಲು ಟೈಪ್ ಮೆಷಿನ್ನು, ಈಗ ಕಂಪ್ಯೂಟರು, ಆದರೆ ಕೀಲಿಗಳನ್ನು ಒತ್ತುವ ರಭಸ ಹಳೆಯದೇ. ಇವನ ಕೋಣೆಗೂ ಅವರ ಜಾಗಕ್ಕೂ ನಡುವೆ ಒಂದು ಪ್ಲೈವುಡ್ ಗೋಡೆ, ಕೆಮ್ಮಿದರೂ ಕೇಳುತ್ತದೆ. "ಹೊಸ ಪತ್ರ ಮೂರು ಪ್ರತಿ ತೆಗೆದಿಟ್ಟಿದೀನಿ ಸರ್. ನೀವು ಒಂದ್ಸಲ ಓದ್ತೀರಾ?" ಅಂದರು. ಓದುತ್ತೀರಾ ಅನ್ನುವುದರಲ್ಲಿ ಏನಾದರೂ ಇತ್ತೇ ಎಂದು ಅವನು ಅವರ ಮುಖ ನೋಡಿದ. ಏನೂ ಇರಲಿಲ್ಲ. ಅವರಿಗೆ ನೆನಪಿರದೆ ಇರುತ್ತದೆಯೇ? ಸಹಿಗೆ ಮೊದಲು ಪ್ರತಿ ಪತ್ರವನ್ನೂ ಕಕ್ಷಿದಾರರ ಮುಂದೆ ತಲೆಯಿಂದ ಬುಡದವರೆಗೆ ಗಟ್ಟಿಯಾಗಿ ಓದುವುದು ಇವನ ಪದ್ಧತಿ. ಬೇರೆ ವಕೀಲರು ಓದುವುದಿಲ್ಲ, ನಾನು ಓದುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದಾನೆ. ಹನ್ನೆರಡು ವರ್ಷದ ಹಿಂದಿನ ಆ ದಿನ ಮಾತ್ರ ಓದಲಿಲ್ಲ. ಯಾಕೆಂದರೆ ಮೂರು ಗಂಟೆಗೆ ವಕೀಲರ ಸಂಘದವರೆಲ್ಲ ಸೇರಿ ಫೋಟೋ ತೆಗೆಸಿಕೊಳ್ಳುವುದಿತ್ತು, ಮತ್ತು ಮುಂದಿನ ಸಾಲಿನಲ್ಲಿ ಕೂರಬೇಕಾದರೆ ಎರಡೂವರೆಗೇ ಹೋಗಬೇಕಿತ್ತು. ಕನ್ನಡಿಯ ಮುಂದೆ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತಿರುವಾಗ ಟೈಪಿಸ್ಟ್ ಕರಡು ಹಿಡಿದು ಬಂದು, "ಹದಿನಾಲ್ಕು ಇರ್ಲಾ ಸರ್?" ಎಂದು ಕೇಳಿದ್ದರು. ಇವನು ತಿರುಗದೆ, "ಎಲ್ಲಾ ಇರ್ಲಿ, ಟೈಪ್ ಮಾಡಿ" ಅಂದಿದ್ದ. ಸೋಫಾದ ಅಣ್ಣನೂ "ನೀವು ಬರ್ದಿದೀರಲ್ಲ ಸಾರ್, ಮತ್ತೆ ಓದೋದೇನು" ಎಂದು ನಗುತ್ತ ಸಹಿ ಹಾಕಿದ್ದ. ತಮ್ಮ, ಅಣ್ಣ ಹಾಕಿದ ಮೇಲೆ, ಅದರ ಕೆಳಗೇ ಹಾಕಿದ್ದ. ಫೋಟೋದಲ್ಲಿ ಇವನಿಗೆ ಸಿಕ್ಕಿದ್ದು ಮೂರನೆಯ ಸಾಲು. ಮುಂದಿನವನ ಭುಜದ ಹಿಂದೆ ಇವನ ಹಣೆ ಮತ್ತು ಒಂದು ಕಣ್ಣು ಕಾಣುತ್ತದೆ. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ, ಯಾರಾದರೂ ಕೇಳಿದರೆ ಬೆರಳಿಟ್ಟು ತೋರಿಸಬೇಕು.

ಹತ್ತೂ ಮುಕ್ಕಾಲಿಗೆ ಸೋಫಾ ಅಂಗಡಿಯ ಅಣ್ಣನ ಹೆಂಡತಿ ಒಬ್ಬರೇ ಬಂದರು. ಮೈದುನ ಬಂದಿಲ್ಲವೇ ಎಂದು ಬಾಗಿಲಲ್ಲೇ ನಿಂತು ಕೇಳಿ, ಬರುತ್ತಾರೆ ಕೂತುಕೊಳ್ಳಿ ಅಂದ ಮೇಲೆ ನಿಧಾನಕ್ಕೆ, ಒಂದು ಕೈ ಮೇಜಿಗೆ ಆನಿಸಿ ಕೂತರು. ಕೂತ ತಕ್ಷಣ ಅವರ ಕಣ್ಣು ಹೋದದ್ದು ವಕೀಲನ ಮುಖಕ್ಕಲ್ಲ, ವಕೀಲ ಕೂತ ಕುರ್ಚಿಗೆ. "ಎಡಗಡೆ ಹೊಲಿಗೆ ಬಿಟ್ಕೊಂಡಿದೆ" ಅಂದರು. ಆರು ವರ್ಷದ ಹಿಂದೆ ಇವನ ಕುರ್ಚಿಗೆ ಕಂದು ರೆಕ್ಸಿನ್ನು ಹೊದಿಸಿದ್ದು ಅವರೇ ಎಂಬುದು ಆಗ ನೆನಪಾಯಿತು. ಅವತ್ತು ಅಂಗಡಿಯಲ್ಲಿ ನೋಡಿದ್ದ: ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರಡಿ, ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡಿದ್ದರೂ ಅದನ್ನು ಮುಟ್ಟದೆ, ಕುರ್ಚಿಯನ್ನೊಮ್ಮೆ ಬಟ್ಟೆಯನ್ನೊಮ್ಮೆ ನೋಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ದೊಡ್ಡ ಕತ್ತರಿ ಹಾಕಿದ್ದರು. ಗಂಡ ಪಕ್ಕದಲ್ಲಿ ಬಾಯಿ ತುಂಬ ಸಣ್ಣ ಮೊಳೆ ಕಚ್ಚಿಕೊಂಡು ನಿಂತಿದ್ದ, ಅದಕ್ಕೇ ಮಾತಾಡದೆ ಹುಬ್ಬಿನಲ್ಲೇ ನಕ್ಕಿದ್ದ. ಈಗ ಆ ಕೈಗಳು ತೊಡೆಯ ಮೇಲೆ ಸುಮ್ಮನಿದ್ದವು. ವಕೀಲ ಎಡಕ್ಕೆ ಸ್ವಲ್ಪ ಜರುಗಿ ಬಿಟ್ಟ ಹೊಲಿಗೆಯನ್ನು ಮುಚ್ಚಿಕೊಂಡ.

"ನಮ್ಮನೆಯವರಿಗೆ ಸಿಟ್ಟು ಬಂದಿತ್ತು ಅಂತ ನಂಗೆ ಆಗ ಗೊತ್ತಾಗ್ಲಿಲ್ಲ ಸಾರ್" ಎಂದು ಆಕೆ, ಇವನು ಏನೂ ಕೇಳದೆಯೇ ಶುರುಮಾಡಿದರು. ಹೇಳಬೇಕೆಂದು ಮನೆಯಿಂದಲೇ ಜೋಡಿಸಿಕೊಂಡು ಬಂದಂತಿತ್ತು. "ಆ ಪತ್ರ ಬರೆಸಿದ ವರ್ಷಾನೇ ಒಂದು ನಾಟಕ ಮಂದಿರದ ಕೆಲಸ ಬಂದಿತ್ತು. ಇನ್ನೂರು ಕುರ್ಚಿ. ಬಟ್ಟೆ ಕತ್ತರಿಸಿದ್ದು ನಾನು. ಒಂದು ಇಂಚು ಕಡಿಮೆ ಹಿಡಿದುಬಿಟ್ಟೆ. ಇನ್ನೂರಕ್ಕೂ. ಯಾಕೆ ಹಂಗಾಯ್ತೋ, ಅವತ್ತು ತಲೆನೋವಿತ್ತೋ ಏನೋ. ಅವರು ಒಂದೊಂದನ್ನೂ ಎಳೆದು ಎಳೆದು ಕೂರಿಸಿದ್ರು. ಕೈಯೆಲ್ಲ ರಕ್ತ. ಒಂದು ಮಾತು ಅನ್ಲಿಲ್ಲ ನಂಗೆ. ಒಂದೇ ಒಂದು ಮಾತು." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಹನ್ನೆರಡು ವರ್ಷ ಅದನ್ನ ದೊಡ್ಡತನ ಅಂದ್ಕೊಂಡಿದ್ದೆ. ಅನ್ಲಿಲ್ವಲ್ಲ ಅಂತ ಹೆಮ್ಮೆಪಡ್ತಿದ್ದೆ. ಈಗ ಗೊತ್ತಾಯ್ತು. ನನ್ನ ಹತ್ರ ಅನ್ನೋ ಬದಲು ನಿಮ್ಮ ಹತ್ರ ಬಂದು ಬರೆಸಿದ್ರು." ಹೇಳಿ ಮುಗಿಸಿ ಇವನನ್ನು ನೇರವಾಗಿ ನೋಡಿದರು. "ಏನಂತ ಹೇಳಿ ಬರೆಸಿದ್ರು ಸಾರ್? ನನ್ನ ಬಗ್ಗೆ ಏನಾದ್ರೂ ಅಂದ್ರಾ?"

ಕೇಳಿದ ಪ್ರಶ್ನೆಗೆ ಉತ್ತರ ಗಂಟಲಿನಲ್ಲೇ ಇತ್ತು. ಅವರು ಏನೂ ಅನ್ನಲಿಲ್ಲ ಅಮ್ಮ, ಅದು ಅವರ ಮಾತೇ ಅಲ್ಲ. ಅಷ್ಟೇ. ಎರಡು ಸಾಲು. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದರ ಹಿಂದೆ ಮತ್ತೊಂದು, ಕೊನೆಗೆ ಫೋಟೋ ಬರುತ್ತದೆ, ಮೂರನೆಯ ಸಾಲು ಬರುತ್ತದೆ. ನಾಳೆ ಊರಲ್ಲಿ ಯಾರೋ ಯಾರಿಗೋ, ಆ ವಕೀಲರಾ, ಪೇಂಟಿನವರ ಪತ್ರಾನ ಸೋಫಾದವರಿಗೆ ಅಂಟಿಸಿದ್ರಂತಲ್ಲ ಎಂದು ನಗುತ್ತಾರೆ. ಆಕೆಗೆ ಬೇಕಾದದ್ದು ಅಂಗಡಿ ತಾನೇ, ಅದು ಇವತ್ತು ಸಿಗುತ್ತದೆ; ಗಂಡನ ವಿಷಯ ಕಾಲ ಕಳೆದಂತೆ ಮನಸ್ಸಿನಿಂದ ಹೋಗುತ್ತದೆ ಎಂದು ಅವನು ತನಗೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಅದು ಹಸಿ ಸುಳ್ಳು ಎಂದು ಗೊತ್ತಿತ್ತು. ನಾಲ್ಕು ತಿಂಗಳಲ್ಲಿ ಆಕೆ ಒಂದು ಇಂಚು ಬಟ್ಟೆಯಿಂದ ಇಡೀ ದಾಂಪತ್ಯವನ್ನೇ ಬೇರೆಯಾಗಿ ಕತ್ತರಿಸಿಕೊಂಡಿದ್ದರು. "ಅಷ್ಟು ಹಳೇದು ನೆನಪಿರಲ್ಲಮ್ಮ" ಅಂದ. ತನ್ನ ದನಿ ತನಗೇ ಅಸಹ್ಯವಾಯಿತು. ಆಕೆ ತಲೆಯಾಡಿಸಿದರು, ಇದೂ ನಿರೀಕ್ಷಿಸಿದ್ದೇ ಅನ್ನುವ ಹಾಗೆ.

ತಮ್ಮ ಓಡಿಬಂದವನ ಹಾಗೆ ಬಂದ. ಅಂಗಿಯ ಮೇಲೆ ಸ್ಪಂಜಿನ ಹಳದಿ ಪುಡಿ ಇತ್ತು. "ಬಂದು ಎಷ್ಟೊತ್ತಾಯ್ತು ಅತ್ತಿಗೆ? ಊಟ ಆಗಿದ್ಯಾ?" ಎಂದು ಹನ್ನೊಂದು ಗಂಟೆಗೆ ಕೇಳಿ, ಕೇಳಿದ್ದಕ್ಕೆ ತಾನೇ ನಾಚಿಕೊಂಡು ಇನ್ನೊಂದು ಕುರ್ಚಿಯ ತುದಿಯಲ್ಲಿ ಕೂತ. ವಕೀಲ ಹೊಸ ಪತ್ರ ತೆಗೆದು ಅಭ್ಯಾಸದಂತೆ ಗಟ್ಟಿಯಾಗಿ ಓದಿದ. ಅಣ್ಣನ ಪಾಲಿಗೆ ಹೆಂಡತಿ ಬಂದರು, ಕತ್ತರಿಸುವ ಕೆಲಸದ ತೀರ್ಮಾನ ಅವರದ್ದು, ಜೋಡಿಸುವ ಕೆಲಸ ತಮ್ಮನದ್ದು, ಭಿನ್ನಾಭಿಪ್ರಾಯ ಬಂದರೆ ಏನು ಮಾಡಬೇಕು, ಇಬ್ಬರಲ್ಲಿ ಒಬ್ಬರಿಗೆ ಬೇಡವಾದರೆ ಎಷ್ಟು ದಿನ ಮೊದಲು ಹೇಳಬೇಕು. ಒಳ್ಳೆಯ ಪತ್ರ. ಈ ಸಲ ಪ್ರತಿಯೊಂದು ಸಾಲನ್ನೂ ತಾನೇ ಕೂತು ಹೊಸದಾಗಿ ಬರೆದಿದ್ದ. ಓದಿ ಮುಗಿಸಿದಾಗ ತಮ್ಮನ ಮುಖ ಅರಳಿತ್ತು. "ಸಹಿ ಎಲ್ಲಿ ಸಾರ್?" ಎಂದು ಪೆನ್ನು ತೆಗೆದುಕೊಂಡು ಹಾಕಿಯೂಬಿಟ್ಟ. ಆಮೇಲೆ ಪೆನ್ನನ್ನು ಅತ್ತಿಗೆಯ ಕಡೆ ಚಾಚಿದ. ಆಕೆ ಅದನ್ನು ತೆಗೆದುಕೊಳ್ಳಲಿಲ್ಲ.

"ನಂಗೆ ಬೇಡ ಇದು."

"ಅತ್ತಿಗೆ..."

"ನಿನ್ನ ಮೇಲೆ ಬೇಜಾರಿಲ್ಲಪ್ಪ. ಅಂಗಡಿ ನೀನೇ ನೋಡ್ಕೋ. ಕತ್ತರಿಸೋಕೆ ಯಾರನ್ನಾದ್ರೂ ಇಟ್ಕೋ, ಬೇಕಾದ್ರೆ ಮನೆಗೆ ಕಳ್ಸು, ಕಲಿಸಿಕೊಡ್ತೀನಿ. ಅವರು ಬರೋದು ಬೇಡ ಅಂತ ಬರೆಸಿಟ್ಟ ಜಾಗಕ್ಕೆ ನಾನು ಕಾಗದ ಹಿಡ್ಕೊಂಡು ಹೋಗಲ್ಲ." ದನಿ ಏರಿರಲಿಲ್ಲ. "ಇಬ್ರೂ ಒಪ್ಪಿದ್ರೆ ಕಾನೂನಲ್ಲಿ ಆಗುತ್ತೆ ಅಂತೀರ. ಮೂರನೆಯವರು ಒಪ್ಪಿಲ್ವಲ್ಲ."

ತಮ್ಮ ವಕೀಲನ ಕಡೆ ತಿರುಗಿದ. ಕಾನೂನು ಓದಿದವನು ಈಗ ಏನಾದರೂ ಹೇಳುತ್ತಾನೆ ಎಂಬ ನಂಬಿಕೆ ಆ ಮುಖದಲ್ಲಿತ್ತು. ವಕೀಲ ಹೇಳಿದ. ಇಂಥ ಕಲಮುಗಳು ಸಾಮಾನ್ಯವಾಗಿ ಪತ್ರಗಳಲ್ಲಿ ಇರುತ್ತವೆ, ಅದಕ್ಕೆ ಅಷ್ಟು ಅರ್ಥ ಹುಡುಕಬಾರದು ಅಂದ. ಆಕೆ ತಕ್ಷಣ, "ಹಂಗಾದ್ರೆ ಎಲ್ರ ಹೆಂಡ್ತೀರಿಗೂ ಹಿಂಗೇ ಬರೀತೀರಾ?" ಎಂದು ಕೇಳಿದರು. ಇಲ್ಲ, ಹಾಗಲ್ಲ ಅಂದ. ಮತ್ತೆ ಹೇಗೆ ಎಂದು ಯಾರೂ ಕೇಳದಿದ್ದರೂ ಆ ಪ್ರಶ್ನೆ ಮೇಜಿನ ಮೇಲೆ ಇತ್ತು. ಪ್ಲೈವುಡ್ಡಿನ ಆಚೆ ಟೈಪಿಸ್ಟ್ ಏನೋ ಹೊಡೆಯುತ್ತಿದ್ದರು, ಎಡೆಬಿಡದೆ. "ನೋಡಿ ಅಮ್ಮ, ನಿಜ ಹೇಳಬೇಕು ಅಂದ್ರೆ, ಅದು ಬಹುಶಃ ಟೈಪಾಗೋವಾಗ..." ಎಂದು ವಕೀಲ ಶುರುಮಾಡಿದ. ಆಚೆಯ ಸದ್ದು ನಿಂತುಹೋಯಿತು.

ಗೋಡೆಯ ಆ ಕಡೆ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಒಬ್ಬ ಹೆಂಗಸು ತನ್ನ ಮೇಲೆ ಬರುವ ಮಾತಿಗೆ ಕಾಯುತ್ತಿದ್ದಳು, ಬಂದರೆ ಎದ್ದು ಬಂದು ಅಲ್ಲ ಅನ್ನುವವಳೂ ಅಲ್ಲ. ಇಪ್ಪತ್ತಾರು ವರ್ಷ ಇವನ ಕಾಗುಣಿತ ತಿದ್ದಿಕೊಟ್ಟವಳು. ವಕೀಲನಿಗೆ ತನ್ನ ಅರ್ಧ ವಾಕ್ಯ ಬಾಯಲ್ಲಿ ಕಹಿಯಾಯಿತು. "ಇಲ್ಲ" ಅಂದ. "ಟೈಪ್ ಮಾಡಿದವರು ಕೇಳಿದ್ರು. ಹದಿನಾಲ್ಕು ಇರ್ಲಾ ಅಂತ ಕೇಳಿದ್ರು. ಇರ್ಲಿ ಅಂದವನು ನಾನು. ನಾನು ಅದನ್ನ ಓದಿರಲಿಲ್ಲ." ಅಲ್ಲಿಂದ ಮುಂದಿನದು ಇಳಿಜಾರಿನಲ್ಲಿ ನಡೆದ ಹಾಗೆ ತಾನಾಗಿ ಬಂತು. ಆ ಕಲಮು ಇನ್ನೊಬ್ಬರ ಪತ್ರದ್ದು, ಬೇರೆ ಮನೆಯ ಬೇರೆ ಜಗಳದ್ದು. ಹೆಸರು ತಿದ್ದಿದೆವು, ಕಲಮು ತೆಗೆಯಲಿಲ್ಲ. ನಿಮ್ಮ ಯಜಮಾನರು ಹೇಳಿಬರೆಸಿದ್ದು ಹದಿಮೂರೇ. ಆ ದಿನ ನನಗೆ ಅವಸರವಿತ್ತು, ಫೋಟೋ ತೆಗೆಸಿಕೊಳ್ಳಲು ಹೋಗಬೇಕಿತ್ತು, ಆದ್ದರಿಂದ ಓದಿ ಹೇಳಲಿಲ್ಲ. ಫೋಟೋ ಎಂದಾಗ ಇಬ್ಬರೂ ತಿರುಗಿ ಗೋಡೆ ನೋಡಿದರು. ಅವನು ಎಲ್ಲಿದ್ದಾನೆಂದು ಯಾರೂ ಕೇಳಲಿಲ್ಲ. "ಮೂರು ವಾರದ ಹಿಂದೆ ನಿಮ್ಮ ಮೈದುನರು ತೋರಿಸಿದಾಗ್ಲೇ ನಂಗೆ ಗೊತ್ತಾಯ್ತು. ಹೇಳಲಿಲ್ಲ. ನಾಚಿಕೆಯಾಯ್ತು" ಅಂದ. ನಾಚಿಕೆ ಎಂಬ ಆ ಮಾತನ್ನು ಈ ಕೋಣೆಯಲ್ಲಿ ತಾನು ಹಿಂದೆಂದೂ ಆಡಿರಲಿಲ್ಲ ಅನ್ನಿಸಿತು.

ತಮ್ಮ ಬಾಯಿ ತೆರೆದು ಕೂತಿದ್ದ. ಆಕೆ ಮಾತ್ರ, ಮಗುವಿಗೆ ಹೇಳುವ ಹಾಗೆ ಸಣ್ಣಗೆ ನಕ್ಕು, "ನನ್ನ ಸಮಾಧಾನಕ್ಕೆ ಹೇಳ್ತಿದೀರ" ಅಂದರು.

"ಸಮಾಧಾನ ಮಾಡೋಕೆ ವಕೀಲರು ತಮ್ಮ ತಲೆ ಮೇಲೆ ತಪ್ಪು ಹಾಕ್ಕೊಳ್ಳಲ್ಲಮ್ಮ."

"ಅವನು ನಿಮ್ಮನ್ನ ಬೇಡ್ಕೊಂಡಿದಾನೆ. ಹೆಂಗಾದ್ರೂ ಮಾಡಿ ಅತ್ತಿಗೇನ ಒಪ್ಸಿ ಅಂತ. ಅಷ್ಟೂ ತಿಳಿಯಲ್ವಾ ನಂಗೆ?" ತಮ್ಮ ಇಲ್ಲ ಇಲ್ಲ ಎಂದು ತಲೆಯಲ್ಲಾಡಿಸಿದ. "ಯಾರದ್ದು ಆ ಇನ್ನೊಂದು ಪತ್ರ? ತೋರಿಸಿ, ನೋಡ್ತೀನಿ."

ತೋರಿಸುವ ಹಾಗಿರಲಿಲ್ಲ. ಆ ಕಡತ ಹಿಂದಿನ ಕಪಾಟಿನಲ್ಲೇ ಇತ್ತು, ಎದ್ದು ಎರಡು ಹೆಜ್ಜೆ ಹೋದರೆ ಕೈಗೆ ಸಿಗುತ್ತಿತ್ತು. ಆದರೆ ಅದು ಇನ್ನೊಬ್ಬರ ಮನೆಯ ಗುಟ್ಟು. ಆ ಪೇಂಟಿನವನ ಹೆಂಡತಿ ಈ ಊರಿನಲ್ಲೇ ಇದ್ದಾಳೆ. ತನ್ನ ಒಂದು ತಪ್ಪು ತೊಳೆಯಲು ಅವಳ ಮಾನ ತೆಗೆಯುವುದೇ? ಎಂಥ ಚೆಂದದ ಕೆಲಸ ಕಲಿತಿದ್ದೇನೆ ಎಂದು ವಕೀಲನಿಗೆ ತನ್ನ ಮೇಲೇ ರೇಗಿತು. ಬೇರೆ ದಾರಿ ಕಾಣದೆ ಹಳೆಯ ಪತ್ರದ ಕೊನೆಯ ಹಾಳೆಯನ್ನೇ ಮತ್ತೆ ಎತ್ತಿಕೊಂಡ. ಕೈಹಾಕತಕ್ಕದ್ದಲ್ಲ. ಯಾವ ಕಾರಣಕ್ಕೂ. ಅಂಗಡಿಯ. ಕುರ್ಚಿ ಹೊದಿಸಲು ಹೋದ ದಿನ ಆಟೋದಿಂದ ಇಳಿದದ್ದು, ಕುರ್ಚಿಯನ್ನು ರಸ್ತೆಯಿಂದ ಹಾಗೇ ಅದರ ಗಾಲಿಗಳ ಮೇಲೆ ತಳ್ಳಿಕೊಂಡು ಒಳಗೆ ಹೋದದ್ದು ಕಣ್ಣಿಗೆ ಬಂತು. ತಲೆಯೆತ್ತಿ ತಮ್ಮನನ್ನು ಕೇಳಿದ. "ನಿಮ್ಮ ಅಂಗಡಿಗೆ ಎಷ್ಟು ಮೆಟ್ಟಿಲು?"

"ಮೆಟ್ಟಿಲಾ? ಒಂದೂ ಇಲ್ವಲ್ಲ ಸಾರ್. ರಸ್ತೆ ಸಮಕ್ಕೇ ಇದೆ. ಸೋಫಾ ಎತ್ತಿ ಇಳಿಸೋ ಕೆಲ್ಸ ಅಲ್ವಾ, ಅದಕ್ಕೆ ಅಣ್ಣ ಮೆಟ್ಟಿಲು ಇಲ್ದಿರೋ ಜಾಗಾನೇ ಬೇಕು ಅಂತ ಊರೆಲ್ಲ ಸುತ್ತಿದ. ಒಂದೂವರೆ ವರ್ಷ ಹುಡುಕಿದ. ಅದು ಸಿಕ್ಕಿದ ಮೇಲೇನೇ ಪತ್ರ ಮಾಡ್ಸೋಕೆ ನಿಮ್ಮ ಹತ್ರ..."

ಅವನ ಮಾತು ಅಲ್ಲಿಗೆ ನಿಂತಿತು, ಯಾಕೆಂದರೆ ಆಕೆ ಕೈ ಚಾಚಿದ್ದರು. ವಕೀಲ ಹಾಳೆ ಕೊಟ್ಟ. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದರು. ಒಂದು ಸಲ ಓದಿ, ಮತ್ತೆ ಕೊನೆಯ ಸಾಲಿಗೆ ಬಂದು ಅಲ್ಲೇ ಉಳಿದರು.

"ಸೋಫಾಕ್ಕಲ್ಲ" ಅಂದರು.

"ಏನತ್ತಿಗೆ?"

"ಸೋಫಾಕ್ಕೆ ಅಂತ ನಿಂಗೆ ಹೇಳಿದ್ರು. ನನ್ನ ಮಂಡಿಗೆ ಕಣೋ. ಆಗಷ್ಟೇ ನೋವು ಶುರುವಾಗಿತ್ತು, ಹತ್ತೋಕೆ ಇಳಿಯೋಕೆ ಆಗ್ತಿರ್ಲಿಲ್ಲ. ಯಾರಿಗೂ ಹೇಳ್ಬೇಡಿ ಅಂದಿದ್ದೆ, ಕೆಲ್ಸದೋಳಿಗೆ ಕಾಲಿಲ್ಲ ಅಂತಾರೆ ಅಂತ. ಅದಕ್ಕೇ ಸೋಫಾ ಸೋಫಾ ಅಂತ ಹೇಳ್ಕೊಂಡು ಓಡಾಡಿದ್ರು." ಕನ್ನಡಕ ತೆಗೆದು ಮಡಿಚಿ ಕೈಯಲ್ಲೇ ಹಿಡಿದುಕೊಂಡರು. "ಆ ಮನುಷ್ಯ ಮೆಟ್ಟಿಲು ಅಂತ ಬರೆಸ್ತಾರಾ?"

ವಕೀಲನಿಗೆ ಒಂದು ಕ್ಷಣ ಎದೆ ಹಗುರವಾಯಿತು. ನಂಬಿದರು, ಮುಗಿಯಿತು ಎಂದುಕೊಂಡ. ಪೆನ್ನನ್ನು ಮೆಲ್ಲನೆ ಅವರ ಕಡೆ ಸರಿಸಿದ ಕೂಡ. ಆಕೆ ಪೆನ್ನು ನೋಡಲಿಲ್ಲ, ಇವನನ್ನು ನೋಡಿದರು. ಆ ಕಣ್ಣಲ್ಲಿ ಕೃತಜ್ಞತೆ ಹುಡುಕಿದ ತನ್ನ ಮೂರ್ಖತನ ಅವನಿಗೆ ಆಮೇಲೆ ಎಷ್ಟೋ ದಿನ ನೆನಪಿಗೆ ಬಂತು.

"ಅವರ ಅಂಗಿಗಳಿದ್ವು ಸಾರ್. ಹನ್ನೊಂದು. ಮಡಿಚಿ ಇಟ್ಟಿದ್ದೆ. ಈ ಕಾಗದದ ವಿಷಯ ಇವನ ಬಾಯಲ್ಲಿ ಕೇಳಿದ ಮೇಲೆ ಒಂದು ಮಧ್ಯಾಹ್ನ ಕೂತ್ಕೊಂಡು ಎಲ್ಲಾ ಕತ್ತರಿಸಿದೆ. ಚೌಕ ಚೌಕ. ಅಡುಗೆಮನೆ ಒರೆಸೋಕೆ." ಕೈಬೆರಳಿನಿಂದ ಗಾಳಿಯಲ್ಲಿ ಒಂದು ಚೌಕ ತೋರಿಸಿದರು, ಅಳತೆ ಸರಿಯಾಗಿತ್ತು. "ಒಲೆ ಒರೆಸಿದೆ. ಕಾಲೊರೆಸಿದೆ. ಸತ್ತಾಗಿಂದ ಅಳ್ತಿದ್ದದ್ದು ನಿಂತೋಯ್ತು, ಇದನ್ನ ಕೇಳಿದ ದಿನ. ನಾಲ್ಕು ತಿಂಗಳು ಅವರಿಗೆ ಮನಸ್ಸಲ್ಲೇ ಬೈದಿದೀನಿ. ಅದಕ್ಕೆ ಯಾವ ಪತ್ರ ಬರ್ಕೊಡ್ತೀರಾ?"

ವಕೀಲ ತಲೆ ತಗ್ಗಿಸಿದ. ಹೇಳಲು ಇದ್ದದ್ದು ಒಂದೇ, ಅದು ಕೆಲಸದ ಮಾತು, ಆದರೂ ಹೇಳಲೇಬೇಕಾದದ್ದು. "ಅಮ್ಮ, ನನ್ನ ತಪ್ಪಿಂದ ನಿಮಗೆ ಆದ ತೊಂದರೆಗೆ ನನ್ನ ಮೇಲೆ ನೀವು ಕ್ರಮ ತಗೋಬಹುದು. ಅದಕ್ಕೆ ನಾನೇ ಸಲಹೆ ಕೊಡೋ ಹಾಗಿಲ್ಲ. ಬೇರೆ ವಕೀಲರನ್ನ ನೋಡಿ. ಈ ಹೊಸ ಪತ್ರಾನೂ ಅವರಿಗೇ ತೋರಿಸಿ, ಸರಿಯಿದೆ ಅಂದ್ರೆ ಮಾತ್ರ ಸಹಿ ಹಾಕಿ" ಎಂದು ಒಂದು ಚೀಟಿಯಲ್ಲಿ ಎದುರು ಬೀದಿಯ ವಕೀಲರ ಹೆಸರು, ಫೋನ್ ನಂಬರು ಬರೆದ. ಇಪ್ಪತ್ತು ವರ್ಷದಿಂದ ಅವರ ಜೊತೆ ಇವನಿಗೆ ಮಾತಿಲ್ಲ. ಒಳ್ಳೆಯ ವಕೀಲರು, ಅದೇ ಮಾತಿಲ್ಲದ್ದಕ್ಕೆ ಕಾರಣ.

ಆಕೆ ಚೀಟಿ ತೆಗೆದುಕೊಂಡು ಚೀಲದಲ್ಲಿ ಹಾಕಿಕೊಂಡರು. ಆಗ ತಮ್ಮ, ಇಷ್ಟು ಹೊತ್ತು ನೆಲ ನೋಡುತ್ತಿದ್ದವನು, ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಒಂದಿದೆ."

"ಏನು?"

"ಅಂಗಿ. ಅಂಗಡಿಲಿ. ಕತ್ತರಿಸೋ ಮೇಜಿನ ಹಿಂದೆ ಗೂಟಕ್ಕೆ ಹಾಕಿದಾನೆ, ಕೆಲ್ಸಕ್ಕೆ ಹಾಕ್ಕೊಳ್ತಿದ್ದದ್ದು. ಹೋದ ದಿನ ನೇತಾಕಿದ್ದು ಹಂಗೇ ಇದೆ. ಜೇಬಲ್ಲಿ ಮೊಳೆನೂ ಹಂಗೇ ಇದೆ. ನೀವು ಬಂದು ತೆಗೀಲಿ ಅಂತ ನಾನು ಮುಟ್ಟಿಲ್ಲ." ಆಮೇಲೆ, "ಒಗೆದಿಲ್ಲ" ಅಂದ.

ಆಕೆ ಮೇಜಿಗೆ ಕೈ ಊರಿ ಎದ್ದರು. ಏಳುವಾಗ ಮಂಡಿ ನೋಯಿತೆಂದು ಮುಖದಲ್ಲಿ ಕಂಡಿತು. ಮೈದುನ ಹಿಡಿಯಲು ಬಂದ ಕೈಯನ್ನು ಮೊದಲು ಸರಿಸಿ, ಆಮೇಲೆ ಹಿಡಿದುಕೊಂಡರು. ಬಾಗಿಲ ಹತ್ತಿರ ನಿಂತು ವಕೀಲನ ಕಡೆ ತಿರುಗಿ, "ನಿಮ್ಮನ್ನ ಏನು ಮಾಡ್ಬೇಕು ಅಂತ ಆಮೇಲೆ ನೋಡ್ತೀನಿ" ಅಂದರು. ಬೆದರಿಕೆ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಬಾಕಿ ಉಳಿದ ಕೆಲಸದ ಬಗ್ಗೆ ಹೇಳಿದ ಹಾಗಿತ್ತು. ಇಬ್ಬರೂ ಹೋದರು. ಹೊಸ ಪತ್ರದಲ್ಲಿ ತಮ್ಮನ ಸಹಿ ಒಂದೇ ಇತ್ತು, ಅದರ ಪಕ್ಕದ ಗೆರೆ ಖಾಲಿ.

ವಕೀಲ ತುಂಬಾ ಹೊತ್ತು ಕೂತಿದ್ದ. ಹನ್ನೆರಡಕ್ಕೆ ಬರಬೇಕಿದ್ದವರು ಬರಲಿಲ್ಲ, ಅದು ಒಳ್ಳೆಯದೇ ಆಯಿತು. ಅಂಗಿ ಕೈಗೆ ಸಿಕ್ಕಿರಬಹುದು ಈಗ ಎಂದು ಒಂದೆರಡು ಸಲ ಗಡಿಯಾರ ನೋಡಿದ. ಟೈಪಿಸ್ಟ್ ಒಳಗೆ ಬಂದರು. ಕಣ್ಣು ಕೆಂಪಗಿತ್ತು, ಆದರೆ ಅದರ ಬಗ್ಗೆ ಮಾತಾಡುವ ಲಕ್ಷಣ ಇರಲಿಲ್ಲ. ಎದೆಗೆ ಅವುಚಿಕೊಂಡು ತಂದಿದ್ದ ಕಡತಗಳನ್ನು ಮೇಜಿನ ಮೇಲೆ ಇಟ್ಟರು.

"ಇವೇನು?"

"ಪೇಂಟಿನವರದ್ದು ನೋಡಿ ಸೋಫಾದವರದ್ದು ಮಾಡಿದ್ವಿ ಸರ್. ಆಮೇಲೆ ಎರಡು ಮೂರು ವರ್ಷ ಸೋಫಾದವರದ್ದು ನೋಡ್ಕೊಂಡು ಬೇರೆಯವರದ್ದು ಮಾಡಿದೀವಿ. ನೀವು ಒಳಗೆ ಮಾತಾಡ್ತಿರೋವಾಗ ಹುಡುಕಿದೆ." ಮೇಲಿನ ಕಡತದ ಮೇಲೆ ಕೈಯಿಟ್ಟರು. "ಏಳು. ಏಳರಲ್ಲೂ ಹದಿನಾಲ್ಕು ಇದೆ."

ಅವನು ಒಂದೊಂದನ್ನೇ ತೆರೆದು ಕೊನೆಯ ಹಾಳೆ ನೋಡಿದ. ಇತ್ತು. ಗಡಿಯಾರದ ಅಂಗಡಿಯವರು, ಸೈಕಲ್ಲಿನವರು, ಹೂವಿನ ವ್ಯಾಪಾರದವರು, ಗಾಜು ಕತ್ತರಿಸುವವರು. ಏಳು ಮನೆಯ ಬೀರುಗಳಲ್ಲಿ, ಬಟ್ಟೆಗಳ ಕೆಳಗೆ, ಪಿನ್ನು ಹೊಡೆದು ಭದ್ರವಾಗಿಟ್ಟ ಈ ಸಾಲು. ಓದದೆ ಬಿಟ್ಟದ್ದು ಅದೊಂದು ದಿನ ಮಾತ್ರ ಅಂದುಕೊಂಡಿದ್ದ, ಈ ಏಳನ್ನೂ ಗಟ್ಟಿಯಾಗಿ ಓದಿ ಹೇಳಿರಲಿಲ್ಲ. ಅವರೂ ಯಾರೂ ಓದಿರಲಿಲ್ಲ, ಇವನ ಮೇಲೆ ನಂಬಿಕೆಯಿಟ್ಟು ಓದಿರಲಿಲ್ಲ. "ಎಲ್ಲ ಗಂಡಸರೂ ಬದುಕಿದಾರಾ?" ಎಂದು ಕೇಳಿದ. "ಗೊತ್ತಿಲ್ಲ ಸರ್" ಅಂದ ಟೈಪಿಸ್ಟ್ ಹೋಗಲಿಲ್ಲ, ಎದುರಿನ ಕುರ್ಚಿ ಎಳೆದು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಅವನ ಮುಂದೆ ಕೂತರು. ಅವನು ಗಡಿಯಾರದವರ ಕಡತ ತೆಗೆದು ಫೋನು ಎತ್ತಿ ನಂಬರು ಒತ್ತಿದ. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಆರು, ಏಳು. ಎಂಟನೆಯದಕ್ಕೆ ಒಬ್ಬ ಹೆಂಗಸು ಎತ್ತಿಕೊಂಡು, ಹಲೋ ಯಾರು ಅಂದಳು.

"ಯಜಮಾನ್ರು ಇದಾರಾ ಅಮ್ಮ?"

"ಇದಾರಲ್ಲ. ಮಹಡಿ ಮೇಲೆ ಬಟ್ಟೆ ಒಣಗಾಕ್ತಿದಾರೆ. ಕರೀಲಾ?"

ವಕೀಲ ಕಣ್ಣು ಮುಚ್ಚಿಕೊಂಡ. "ಬೇಡಮ್ಮ" ಅಂದ. "ಮೊದಲು ನಿಮ್ಮ ಹತ್ರಾನೇ ಮಾತಾಡ್ಬೇಕು."